ಚಿಗುರು ಮೀಸೆಯ ಚಿಲಕ

ಈ ವಾರ ಫಿಸಿಯೋಥೆರಪಿ ಕೇಂದ್ರವೊಂದರಲ್ಲಿ ಕಂಡದ್ದು: ವೀಲ್‌ಚೇರಿನಲ್ಲಿ ಚಿಗುರು ಮೀಸೆಯ ಹುಡುಗ, ಪ್ರಶ್ನೆಗಳೆಲ್ಲ ಪಕ್ಕದ ಅಮ್ಮನಿಗೆ. 'ಇವನಿಗೆ ಎಲ್ಲಿ ನೋವಮ್ಮಾ?' ಅವನಿಗಿರುವ ಸೆರೆಬ್ರಲ್ ಪಾಲ್ಸಿಯಲ್ಲಿ ಮಿದುಳಿನ ಹಾನಿ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಹರೆಯದಲ್ಲಿ ಮೂಳೆ ಸರಸರನೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಹಿಂದುಳಿಯುತ್ತದೆ. ನಡೆಯುತ್ತಿದ್ದವನೂ ಮಂಡಿ ಮಡಚಿಕೊಂಡು ಕೂರಬೇಕಾದೀತು. ವ್ಯಾಯಾಮ ತಪ್ಪಿಸಬಾರದ ಈ ಹೊತ್ತಿಗೇ ಎಸ್ಸೆಸ್ಸೆಲ್ಸಿ ಟ್ಯೂಷನ್ ಅದನ್ನು ನುಂಗಿಬಿಡುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ 18ರವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ನಾಚಿಕೆಪಡುವ ಹಕ್ಕನ್ನು ಮನೆಯವರೇ ಕೊಡಬೇಕು. ಅದೇ ವಯಸ್ಸಿನ ದೊಡ್ಡಮ್ಮನ ಮಗ ಬಾಗಿಲಿಗೆ ಚಿಲಕ ಹಾಕಿಕೊಂಡು ಮೊಬೈಲು ಹಿಡಿದರೆ 'ವಯಸ್ಸಲ್ವೇ' ಅಂತ ನಗುತ್ತೇವೆ. ಇವನಿಗೆ ಮಾತ್ರ ಸ್ನಾನಕ್ಕೂ ಅಮ್ಮ. ಬಚ್ಚಲಿನ ಗೋಡೆಗೊಂದು ಹಿಡಿಕೆ ಹಾಕಿಸಿ, ಸ್ನಾನದ ಪಾಳಿಯನ್ನು ಅಪ್ಪ ವಹಿಸಿಕೊಳ್ಳಲಿ. ಬರೀ ಅಮ್ಮನ ಸೊಂಟದ ಮೇಲೆ ಎಷ್ಟು ವರ್ಷ ನಡೆದೀತು ಈ ಸಂಸಾರ?