ಕನ್ನಡಕ್ಕೊಂದು ಸಪೂರ ನಿಬ್ಬು

ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಿತ್ರರು ಕೇಳಿದಾಗ “ಪೆನ್ನಿನ ಬಗ್ಗೆ ಬರೆಯುತ್ತೇನೆ” ಅಂದೆ. “ಪೆನ್ನಿನಿಂದ ಬರಿ ಮಾರಾಯಾ, ಪೆನ್ನಿನ ಬಗ್ಗೆ ಏನು ಬರೆಯೋದು?” ಅಂತ ನಕ್ಕರು. ನಗಲಿ. ನವ್ಯದ ಬಗ್ಗೆ, ಬಂಡಾಯದ ಬಗ್ಗೆ, ವಿಮರ್ಶೆಯ ಬಿಕ್ಕಟ್ಟಿನ ಬಗ್ಗೆ ಬರೆಯುವವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದನ್ನೆಲ್ಲ ಬರೆಯುವುದು ಯಾವುದರಿಂದ ಎಂದು ಒಬ್ಬರಾದರೂ ಯೋಚಿಸಬೇಡವೇ?

ಹಳೆಯ ಇಂಕು ಪೆನ್ನುಗಳನ್ನು ಕೂಡಿಡುವ ಹುಚ್ಚು ನಮ್ಮ ನಡುವೆ ಮತ್ತೆ ಚಿಗುರಿದೆ. ಹಾಸ್ಟೆಲಿನಲ್ಲಿ ನನಗೆ ಗೊತ್ತಿದ್ದ ಹಾಗೆ ನಾಲ್ಕೈದು ಮಂದಿಗೆ ಇದು ಅಂಟಿಕೊಂಡಿದೆ. ಅವರಲ್ಲಿ ನಾನೂ ಒಬ್ಬ. ಶುಕ್ರವಾರ ಪಲ್ಲಾವರಂ ಸಂತೆ, ಬಿಡುವಿದ್ದಾಗ ಪ್ಯಾರಿಸ್ ಕಾರ್ನರಿನ ಸುತ್ತಾಟ, ಕೈಯಲ್ಲೊಂದು ಭೂತಗನ್ನಡಿ. ತಂದದ್ದನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟು, ಬಂದವರಿಗೆ ತೋರಿಸುವುದು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪೆನ್ನುಗಳಲ್ಲಿ ಕನ್ನಡ ಬರೆಯಲು ಯಾವುದು ಆದೀತು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಬಾರದು. ನನಗೂ ಬರುತ್ತಿರಲಿಲ್ಲ. ನನ್ನ ವಾದ ಇಷ್ಟೇ: ಕನ್ನಡ ವಿದ್ಯಾರ್ಥಿಗೆ ಪೆನ್ನಿನ ಪ್ರಾಯಕ್ಕಿಂತ, ಹೆಸರಿಗಿಂತ, ಚಿನ್ನಕ್ಕಿಂತ ಮೊದಲು ನಿಬ್ಬಿನ ಅಗಲ ಮುಖ್ಯ. ನಮ್ಮ ಲಿಪಿಗೆ ಬೇಕಾದದ್ದು ಸಪೂರ ನಿಬ್ಬು. ಅದು ಗೊತ್ತಿಲ್ಲದೆ ಕೂಡಿಸಿದರೆ ಅದು ಸಂಗ್ರಹವಲ್ಲ, ಬರೀ ಗುಡ್ಡೆ.

ಈ ಬುದ್ಧಿ ನನಗೆ ಬಂದದ್ದು ಒಂದು ಪೆಟ್ಟು ತಿಂದ ಮೇಲೆ. ಕಳೆದ ವರ್ಷ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ದಪ್ಪ ದೇಹದ, ಹೊಳೆಯುವ ನಿಬ್ಬಿನ ಪೆನ್ನೊಂದು ಸಿಕ್ಕಿತು. “ಅಸಲಿ ಇಂಗ್ಲಿಷ್ ಪೆನ್ನು, ಚಿನ್ನದ ನಿಬ್ಬು” ಎಂದು ಅಂಗಡಿಯವರು ಆಣೆ ಹಾಕಿದರು. ಎರಡು ತಿಂಗಳ ಕೈಖರ್ಚು ಅದಕ್ಕೇ ಹೋಯಿತು. ಆಮೇಲೆ ನೋಡಿದರೆ ಪೆನ್ನು ಹಳೆಯದು, ನಿಬ್ಬು ಮಾತ್ರ ಯಾರೋ ಮೊನ್ನೆ ಮೊನ್ನೆ ಸಿಕ್ಕಿಸಿದ್ದು. ಚಿನ್ನವೂ ಬರಿ ಮೇಲಿನ ಲೇಪ. ಇರಲಿ, ಬರೆಯುತ್ತದಲ್ಲ ಅಂತ ಸಮಾಧಾನ ಮಾಡಿಕೊಂಡೆ. ಬೆಣ್ಣೆಯ ಹಾಗೆ ಜಾರುತ್ತಿತ್ತು, ಗೆರೆ ಕಡ್ಡಿಯಷ್ಟು ದಪ್ಪ. ಆ ಗಮ್ಮತ್ತಿನಲ್ಲೇ ಊರಿನಲ್ಲಿರುವ ಅಜ್ಜಿಗೆ ಪತ್ರ ಬರೆದೆ. ಪ್ರಬಂಧ ಸ್ಪರ್ಧೆಯಲ್ಲಿ ಬಂದ ಬಹುಮಾನದ ವಿಷಯ ತಿಳಿಸಿದೆ. ನಗದು ಎಂದು ಬರೆದಿದ್ದರೆ ಸಾಕಿತ್ತು; ಸಾಹಿತ್ಯದ ವಿದ್ಯಾರ್ಥಿಯಲ್ಲವೇ, ‘ಧನ’ ಎಂದು ಬರೆದೆ. ಕೊನೆಗೆ, ರಜೆಯಲ್ಲಿ ಬಂದಾಗ ಇಬ್ಬರೂ ಉಡುಪಿಗೆ ಹೋಗಿ ಮಠಕ್ಕೆ ಹೋಗೋಣ ಎಂದು ಮುಗಿಸಿದೆ.

ಒಂದು ವಾರ ಬಿಟ್ಟು ಅಜ್ಜಿಯ ಫೋನು ಬಂತು. “ಎಂತ ಮಗಾ, ಕಾಲೇಜಿನವರು ನಿಂಗೆ ದನ ಕೊಟ್ಟದ್ದಾ? ಆ ಹಾಸ್ಟೆಲಿನಲ್ಲಿ ಎಲ್ಲಿ ಕಟ್ಟುದು? ಮತ್ತೆ ನಾವಿಬ್ಬರೂ ಮರಕ್ಕೆ ಹೋಗುದು ಎಂತಕ್ಕೆ? ಮರ ಹತ್ತುವ ಪ್ರಾಯವಾ ನಂದು?”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಜ್ಜಿ ನಗಲಿಲ್ಲ. “ನಿನ್ನ ಅಕ್ಷರ ನಂಗೆ ಓದ್ಲಿಕ್ಕೆ ಆಗುದಿಲ್ಲ. ನನ್ನ ಕಣ್ಣು ಹೋಯ್ತು ಅಂತ ಎಣಿಸಿದೆ. ಪರೀಕ್ಷೆಗೆ ಅಂತ ಅಜ್ಜನ ಕಾರ್ಡು ತೆಗೆದು ನೋಡಿದೆ. ಅದು ಈಗಲೂ ಓದ್ಲಿಕ್ಕೆ ಆಗ್ತದೆ” ಅಂದರು. ಅಷ್ಟು ಹೇಳಿ ಸುಮ್ಮನಾದರು. ಆಗ ನನ್ನ ನಗು ನಿಂತಿತು.

ಅಜ್ಜ ಈ ಊರಿಗೆ ಬಂದಾಗ ಇದು ಮದರಾಸು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ 1956ರ ನವೆಂಬರ್ 1ರ ತನಕ ಮದರಾಸು ರಾಜ್ಯಕ್ಕೇ ಸೇರಿತ್ತು. ಓದಿಗೂ ಹೊಟ್ಟೆಪಾಡಿಗೂ ಆ ಕಡೆಯ ಜನ ಇಲ್ಲಿಗೇ ಬರುತ್ತಿದ್ದರು. ಅಜ್ಜ ಒಂದು ಉಡುಪಿ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಹಗಲಿಗೆ ಹೋಟೆಲಿನ ಲೆಕ್ಕ, ರಾತ್ರಿ ಮನೆಗೆ ಕಾರ್ಡು, ಎರಡಕ್ಕೂ ಒಂದೇ ಪೆನ್ನು. ಎಬೊನೈಟಿನದು, ಕತ್ತು ತಿರುಗಿಸಿ ಫಿಲ್ಲರಿನಲ್ಲಿ ಇಂಕು ತುಂಬಿಸುವಂಥದು. ಕಪ್ಪು ಬಣ್ಣ ಬಿಸಿಲಿಗೆ, ಬೆವರಿಗೆ ಮಾಸಿ ಕಂದಾಗಿದೆ. ಮೈಮೇಲಿನ ಹೆಸರು ಅಳಿಸಿಹೋಗಿದೆ. ಮಾರಿದರೆ ಯಾರೂ ಒಂದು ಊಟದ ದುಡ್ಡೂ ಕೊಡಲಾರರು. ಆದರೆ ನಿಬ್ಬು ಸೂಜಿಯ ಹಾಗೆ. ಒಂದು ಕಾರ್ಡಿನಲ್ಲಿ ಮನೆಯವರೆಲ್ಲರ ಕ್ಷೇಮ, ಗದ್ದೆಯ ವಿಚಾರ, ಕಳಿಸಿದ ಮನಿಯಾರ್ಡರಿನ ಲೆಕ್ಕ, ವಿಳಾಸದ ಪಕ್ಕದ ಜಾಗದಲ್ಲಿ ಮಕ್ಕಳಿಗೆ ಆಶೀರ್ವಾದ, ಇಷ್ಟೂ ಹಿಡಿಸಬೇಕಾದರೆ ನಿಬ್ಬು ಸಪೂರವೇ ಆಗಬೇಕು. ಬಡತನ ಕಲಿಸಿದ ಆಯ್ಕೆ ಅದು. ಆದರೆ ಆಯ್ಕೆ ಸರಿಯಾಗಿತ್ತು.

ಯಾಕೆ ಸರಿ ಎಂದು ನೋಡೋಣ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ, ಮೇಷ್ಟ್ರು ‘ಹೊಟ್ಟೆ ಸೀಳು’ ಎಂದು ಹೇಳಿಕೊಟ್ಟ ಒಂದು ಪುಟ್ಟ ಗೀಟು. ‘ರ’ಕ್ಕೂ ‘ಠ’ಕ್ಕೂ ನಡುವೆ ಇರುವುದು ಒಂದು ಚುಕ್ಕೆ. ‘ಪ’ವನ್ನು ‘ಷ’ ಮಾಡುವುದೂ ಒಳಗಿನ ಒಂದು ಗೀಟೇ. ನನ್ನ ನೋಟ್‌ಬುಕ್ಕಿನ ಗೆರೆಗಳ ನಡುವೆ 8 ಮಿಲಿಮೀಟರ್ ಜಾಗ ಇದೆ. ಇದರಲ್ಲಿ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, ನಡುವೆ ಅಕ್ಷರದ ಮೈಗೆ ಉಳಿಯುವುದು ಹೆಚ್ಚೆಂದರೆ 3 ಮಿಲಿಮೀಟರ್. ಗೆರೆಯ ದಪ್ಪ 0.4 ಆದರೆ ‘ಠ’ದ ಹೊಟ್ಟೆಯೊಳಗೆ 2 ಮಿಲಿಮೀಟರಿಗೂ ಹೆಚ್ಚು ಜಾಗ ಸಿಗುತ್ತದೆ, ಚುಕ್ಕೆ ಆರಾಮವಾಗಿ ಕೂರುತ್ತದೆ. ಗೆರೆಯ ದಪ್ಪ 0.9 ಆಯಿತೋ, ಒಳಗೆ ಉಳಿಯುವುದು 1.2; ಅದರೊಳಗೆ 0.9ರ ಚುಕ್ಕೆ. ಚುಕ್ಕೆ ಮುಳುಗಿತು, ಮಠ ಮರವಾಯಿತು!

ನನ್ನ ಕೋಣೆಯ ತಮಿಳು ಗೆಳೆಯನಿಗೆ ಈ ಕಷ್ಟವಿಲ್ಲ. ಅದೇ ದಪ್ಪ ಪೆನ್ನಿನಲ್ಲಿ ಅವನು ಸೊಗಸಾಗಿ ಬರೆಯುತ್ತಾನೆ. ತಮಿಳಿನಲ್ಲಿ ಮಹಾಪ್ರಾಣವೂ ಇಲ್ಲ, ಒತ್ತಕ್ಷರವೂ ಇಲ್ಲ. ಅರ್ಧಾಕ್ಷರಕ್ಕೆ ಮೇಲೊಂದು ಪುಳ್ಳಿ ಇಟ್ಟು ಮುಂದಕ್ಕೆ ಹೋಗುತ್ತಾರೆ. ಅವರದು ಒಂದೇ ಅಂತಸ್ತಿನ ಮನೆ. ನಮ್ಮದು ಕೆಳಗೊಂದು ನೆಲಮನೆ ಇರುವ ಮನೆ. ‘ಸ್ತ್ರೀ’, ‘ರಾಷ್ಟ್ರ’ ಎಂದು ಬರೆದರೆ ಆ ನೆಲಮನೆಯಲ್ಲಿ ಎರಡೆರಡು ಬಿಡಾರ! ಯಾವ ಲಿಪಿಯೂ ಹೆಚ್ಚಲ್ಲ, ಕಡಿಮೆಯಲ್ಲ. ಮನೆಗೆ ತಕ್ಕ ಬಾಗಿಲು ಬೇಕು, ಅಷ್ಟೆ.

ಇಂಗ್ಲಿಷಿಗಾದರೋ ಇಪ್ಪತ್ತಾರು ಬಿಡಿ ಅಕ್ಷರ. ಅಮೆರಿಕದ ವಾಟರ್‌ಮನ್ 1884ರಲ್ಲಿ ತನ್ನ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದಂದಿನಿಂದ ಪಶ್ಚಿಮದ ಕಂಪನಿಗಳು ನಿಬ್ಬು ಕಡೆದದ್ದು ಆ ಬರವಣಿಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಅವರ ಮೀಡಿಯಂ ಅವರಿಗೆ ಮಧ್ಯಮ. ನಮಗೆ ಅದೇ ದಪ್ಪ. ಜಪಾನಿನವರು ಈ ಮೋಸಕ್ಕೆ ಬೀಳಲಿಲ್ಲ. ಅವರ ಕಾಂಜಿ ಅಕ್ಷರಗಳಲ್ಲಿ ಗೀಟುಗಳು ಒತ್ತೊತ್ತಾಗಿ ಇರುವುದರಿಂದ ತಮ್ಮ ನಿಬ್ಬುಗಳನ್ನೇ ಸಪೂರ ಮಾಡಿಕೊಂಡರು. ಜಪಾನಿನ ಫೈನ್ ಎಂದರೆ ಸುಮಾರಾಗಿ ಪಶ್ಚಿಮದ ಎಕ್ಸ್‌ಟ್ರಾ ಫೈನ್. ಜಪಾನಿನ ಪೈಲಟ್ ಕಂಪನಿಯ ಪೆನ್ನುಗಳು 1950ರ ದಶಕದಿಂದ ಕೆಲವು ಕಾಲ ನಮ್ಮ ಇದೇ ಮದರಾಸಿನಲ್ಲಿ ತಯಾರಾಗುತ್ತಿದ್ದವು. ಹಳೆಯ ಪೆನ್ನು ಹುಡುಕುವವರು ಅವುಗಳ ಮೇಲೆ ಒಂದು ಕಣ್ಣಿಡಬಹುದು.

“ನಿಬ್ಬು ಒತ್ತಿದರೆ ದಪ್ಪ, ಬಿಟ್ಟರೆ ಸಪೂರ, ಆ ಸೊಬಗೇ ಬೇರೆ” ಎನ್ನುವ ಮಿತ್ರರಿದ್ದಾರೆ. ಆ ಸೊಬಗು ಇಂಗ್ಲಿಷಿನ ತಾಮ್ರಪಟದ ಬರಹದ್ದು. ನಮ್ಮ ಹಿರಿಯರು ಬರೆದದ್ದು ಓಲೆಯ ಮೇಲೆ, ಕಂಠದಿಂದ. ಗರಿಯ ನಾರಿನ ಉದ್ದಕ್ಕೆ ನೇರ ಗೀಟು ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಅಕ್ಷರ ಉರುಟಾದವು ಎಂದು ಹೇಳುವುದುಂಟು. ಕೊರೆದ ಮೇಲೆ ಮಸಿ ಸವರಿದಾಗ ಕಾಣುವ ಗೆರೆ ಉದ್ದಕ್ಕೂ ಒಂದೇ ಸಪೂರ. ಸಂಶಯವಿದ್ದವರು ಈ ಊರಿನ ಸರಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡದ ಓಲೆ ಕಟ್ಟುಗಳನ್ನು ನೋಡಿ ಬರಬಹುದು; ಕರ್ನಲ್ ಮೆಕೆಂಜಿ ಕೂಡಿಸಿದ ಪ್ರತಿಗಳೂ ಅಲ್ಲಿವೆ. ಅದೂ ಒಂದು ಸಂಗ್ರಹವೇ ತಾನೆ? ಓದಲು ಬರುವುದರಿಂದಲೇ ಅದಕ್ಕೆ ಬೆಲೆ.

ಇನ್ನು ಹೊಸದಾಗಿ ಶುರು ಮಾಡುವವರಿಗೆ ನಾಲ್ಕು ಮಾತು. ಪೆನ್ನಿನ ಮೇಲೆ ಕೊರೆದ ಅಕ್ಷರವನ್ನು ನಂಬಬೇಡಿ. ಫೈನ್, ಮೀಡಿಯಂ, ಬ್ರಾಡ್ ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಇಲ್ಲ. ಅದೂ ಅಲ್ಲದೆ ನಲವತ್ತು ವರ್ಷ ಬರೆದ ನಿಬ್ಬಿನ ತುದಿ ಹಿಂದಿನ ಒಡೆಯನ ಕೈಯ ವಾಲಿಗೆ ಸರಿಯಾಗಿ ಸವೆದಿರುತ್ತದೆ. ಅಂದಿನ ಫೈನ್ ಇಂದು ಮೀಡಿಯಂ ಆಗಿರುತ್ತದೆ. 1941ರಲ್ಲಿ ಬಂದ ಪಾರ್ಕರ್ 51ರ ನಿಬ್ಬಂತೂ ಮುಸುಕು ಹಾಕಿಕೊಂಡು ಕೂತಿದೆ, ಮೂತಿಯ ತುದಿ ಮಾತ್ರ ಕಾಣುತ್ತದೆ. ಆದ್ದರಿಂದ ಇಂಕಿನಲ್ಲಿ ಅದ್ದಿ ಬರೆದೇ ನೋಡಬೇಕು. ಬರೆಯುವುದೂ ಇಂಗ್ಲಿಷಿನಲ್ಲಿ ನಿಮ್ಮ ಸಹಿಯನ್ನಲ್ಲ! ‘ಷಷ್ಠಿ, ಮಠ, ಧನ, ಸ್ತ್ರೀ, ರಾಷ್ಟ್ರ’ ಎಂಬ ಐದು ಪದ ಬರೆಯಿರಿ. ಐದರ ಹೊಟ್ಟೆಯೂ ತೆರೆದಿದ್ದರೆ ಪೆನ್ನು ನಿಮ್ಮದು.

ಬರೆದು ನೋಡುವುದು ಯಾವ ಕಾಗದದ ಮೇಲೆ ಎಂಬುದೂ ಮುಖ್ಯ. ಒಳ್ಳೆಯ ಕಾಗದದಲ್ಲಿ ಸಪೂರವಾಗಿ ಕಂಡ ಗೆರೆ ಅಗ್ಗದ ನೋಟ್‌ಬುಕ್ಕಿನಲ್ಲಿ ಇಂಕು ಹೀರಿ ಹರಡುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಯ ಕಾಗದ ಎಂಥದ್ದೆಂದು ನಿಮಗೇ ಗೊತ್ತು. ಬೇಕೆಂದಿದ್ದಕ್ಕಿಂತ ಒಂದು ಅಳತೆ ಸಪೂರವೇ ಇರಲಿ. ಫಿಲ್ಲರಿನಿಂದ ತುಂಬಿಸುವ ಪೆನ್ನಾದರೆ ಇಂಕು ಕಾಲು ಭಾಗಕ್ಕೆ ಇಳಿಯುವ ತನಕ ಕಾಯಬೇಡಿ. ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರಗೆ ದೂಡುತ್ತದೆ. ಚೆನ್ನೈಯ ಮೇ ತಿಂಗಳಲ್ಲಿ ಅಂಗಿಯ ಜೇಬಿಗೆ ಇದು ಸತ್ವಪರೀಕ್ಷೆ. ಎಬೊನೈಟ್ ಪೆನ್ನನ್ನು ಬಿಸಿನೀರಿನಲ್ಲಿ ತೊಳೆಯಲೂ ಬೇಡಿ, ಬಣ್ಣ ಕೆಡುತ್ತದೆ, ತಣ್ಣೀರು ಸಾಕು.

ಹಳೆಯದೇ ಬೇಕೆಂಬ ಹಟವೂ ಬೇಡ. ಎನ್.ಎಸ್.ಸಿ. ಬೋಸ್ ರಸ್ತೆಯ ಜೆಮ್ ಅಂಡ್ ಕಂಪನಿ 1920ರ ದಶಕದಿಂದ ಈ ಊರಿಗೆ ಪೆನ್ನು ಮಾರುತ್ತ ಬಂದಿದೆ. ಹತ್ತಿರದ ತಿರುವಳ್ಳೂರಿನಲ್ಲಿ ‘ರಂಗಾ’ ಹೆಸರಿನ ಎಬೊನೈಟ್ ಪೆನ್ನುಗಳನ್ನು ಇಂದಿಗೂ ಕೈಯಿಂದ ಕಡೆಯುತ್ತಾರೆ. ರಾಜಮಂಡ್ರಿಯಲ್ಲಿ ರತ್ನಂ ಅವರು ಮಾಡಿದ ಸ್ವದೇಶಿ ಪೆನ್ನನ್ನು ಗಾಂಧೀಜಿ 1935ರಲ್ಲಿ ಮೆಚ್ಚಿ ಪತ್ರ ಬರೆದ ಕತೆ ಪೆನ್ನಿನ ಹುಚ್ಚರಿಗೆಲ್ಲ ಗೊತ್ತು. ನಮ್ಮ ಪೆನ್ನಿನ ಪರಂಪರೆ ಇಷ್ಟು ಹತ್ತಿರದಲ್ಲೇ ಇರುವಾಗ ಕಡಲಾಚೆಯ ಹೆಸರಿಗೆ ದುಡ್ಡು ಸುರಿಯುವುದು ಯಾಕೆ?

ದಪ್ಪ ನಿಬ್ಬು ಬೇಡವೇ ಬೇಡ ಎನ್ನುವುದಿಲ್ಲ. ಗೋಡೆ ಪತ್ರಿಕೆಯ ತಲೆಬರಹಕ್ಕೆ, ಆಮಂತ್ರಣಕ್ಕೆ, ಸಹಿಗೆ ಅದು ಚಂದ. ಅಕ್ಷರ ದೊಡ್ಡದಾದಾಗ ಹೊಟ್ಟೆಯೂ ದೊಡ್ಡದಾಗುತ್ತದೆ. “ಈಗ ಮೊಬೈಲಿನಲ್ಲೇ ಕನ್ನಡ ಬರೆಯಬಹುದು, ಒತ್ತು ತಾನಾಗಿಯೇ ಬೀಳುತ್ತೆ, ನಿನ್ನ ನಿಬ್ಬು ಯಾರಿಗೆ ಬೇಕು?” ಎಂದು ಕೇಳುವವರಿಗೂ ಉತ್ತರ ಕೊಡಬೇಕು. ನಮ್ಮಲ್ಲಿ ಅರ್ಧದಷ್ಟು ಮಂದಿ ಈ ಊರಿನಲ್ಲೇ ಹುಟ್ಟಿದವರು. ಕನ್ನಡ ಮನೆಮಾತು, ಲಿಪಿ ಮಾತ್ರ ತಡವಾಗಿ ಕಲಿತದ್ದು. ಬೀದಿಯ ಬೋರ್ಡಿನಲ್ಲಿ, ಬಸ್ಸಿನ ಹಣೆಯಲ್ಲಿ ನಮಗೆ ಕನ್ನಡ ಕಾಣಸಿಗದು. ಕೈ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊಬೈಲು ‘ಠ’ವನ್ನು ತಾನೇ ಹಾಕುತ್ತದೆ, ಒಳಗೆ ಚುಕ್ಕೆ ಇದೆಯೆಂದು ನೆನಪಿಡುವ ಕೆಲಸ ಕೈಯದು.

ಅಜ್ಜನ ಪೆನ್ನನ್ನು ತೊಳೆದು, ಇಂಕು ತುಂಬಿಸಿ, ಅಜ್ಜಿಗೆ ಇನ್ನೊಂದು ಪತ್ರ ಬರೆದೆ. ಮಠ, ಧನ ಎರಡನ್ನೂ ಬೇಕೆಂದೇ ಮತ್ತೆ ಬರೆದೆ. ಫೋನು ಬಂತು. “ಈಗ ಸಮ ಉಂಟು” ಎಂದರು. ಸ್ವಲ್ಪ ತಡೆದು, “ಅದೇ ಪೆನ್ನಲ್ವಾ?” ಎಂದು ಕೇಳಿದರು. ಹೌದು ಅಂದೆ.

ಆ ದಪ್ಪ ನಿಬ್ಬಿನ ಪೆನ್ನು ಈಗ ಸಂಪಾದಕರ ಬಳಿ ಇದೆ, ಗೋಡೆ ಪತ್ರಿಕೆಯ ತಲೆಬರಹಕ್ಕೆ. ಮುಂದಿನ ಸಭೆಗೆ ನೀವೂ ನಿಮ್ಮ ಮನೆಯ ಹಳೆ ಪೆನ್ನನ್ನು ತನ್ನಿ. ಆ ಐದು ಪದ ಬರೆದು ನೋಡೋಣ. ನನ್ನ ವಾದ ಒಪ್ಪದವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಉತ್ತರ ಬರೆಯಲಿ. ಕೈಬರಹದಲ್ಲೇ ಕೊಡಲಿ, ಓದಲು ಬರುವ ಹಾಗಿರಲಿ.