ಹೂಳೆತ್ತುವ ಮೊದಲು ಹಳ್ಳ ನೋಡೋಣ

ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅಂತ ಗಾದೆ. ಘಟ್ಟ ಹತ್ತಿ ಬಂದು ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಅಂಗಡಿ ಇಟ್ಟು ಮನೆ ಮಾಡಿದ ನಮ್ಮ ಬ್ಯಾರಿ ಕುಟುಂಬಗಳಿಗೆ ಈ ಮಾತು ಸರಿಯಾಗಿ ಒಪ್ಪುತ್ತದೆ. ಹೆಬ್ಬೂರಿನಂಥ ಊರಲ್ಲಿ ನಮ್ಮ ವ್ಯಾಪಾರ ಇದೆ, ಮಕ್ಕಳ ಓದು ಇದೆ. ಆದರೆ ಕೆರೆ, ಹಳ್ಳದ ಮಾತು ಬಂದರೆ "ಅದು ಊರವರ ವಿಷಯ" ಅಂತ ಸುಮ್ಮನಾಗುತ್ತೇವೆ. ನೀರು ಹೊಸಿಲು ದಾಟಿದ ದಿನ ಮಾತ್ರ "ಹಳ್ಳದ ಹೂಳೆತ್ತಿ, ಜೆಸಿಬಿ ಕಳಿಸಿ" ಎಂದು ಎಲ್ಲರಿಗಿಂತ ಜೋರಾಗಿ ಕೇಳುವವರೂ ನಾವೇ.

ಆ ಬೇಡಿಕೆ ತಪ್ಪಲ್ಲ. 2022ರ ಮಳೆಗೆ ತುಮಕೂರು ಜಿಲ್ಲೆಯಲ್ಲಿ ವರ್ಷಗಟ್ಟಲೆ ತುಂಬದಿದ್ದ ಕೆರೆಗಳೂ ಕೋಡಿ ಹರಿದವು. ನೀರು ನುಗ್ಗಿದ ಮನೆಯವರಿಗೆ ತಾಳ್ಮೆಯ ಪಾಠ ಹೇಳಲು ನಾವು ಬಂದಿಲ್ಲ. ನಾವು ಕೇಳುವುದು ಇಷ್ಟೇ: ಮಣ್ಣು ಎತ್ತುವ ಮೊದಲು ಆ ಹಳ್ಳವನ್ನು ಒಮ್ಮೆ ಪೂರ್ತಿ ನಡೆದು ನೋಡಿದವರು ಯಾರಾದರೂ ಇದ್ದಾರಾ?

ಈ ಸೀಮೆಯ ಕೆರೆಗಳು ಒಂಟಿಯಲ್ಲ, ಸರಪಳಿಯ ಕೊಂಡಿಗಳು. ಮೇಲಿನ ಕೆರೆಯ ಕೋಡಿ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಕೂಡ ಇಂಥ ಹಳ್ಳಗಳ ನೀರು ಕೂಡಿಸಿಕೊಂಡೇ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತದೆ. ದಾರಿಯಲ್ಲಿ ಹಳ್ಳದ ಅಂಚಿಗೆ ಜೊಂಡು ಬೆಳೆದ ಜೌಗು ಜಾಗ ಇರುತ್ತದೆ. ನಮ್ಮ ಕಣ್ಣಿಗೆ ಅದು ಸೊಳ್ಳೆಯ ಗೂಡು, ಕಸ ಸುರಿಯುವ ಮೂಲೆ. ಆದರೆ ಬಿರುಸಾಗಿ ಬಂದ ನೀರು ಹರಡಿ ನಿಧಾನ ಆಗುವುದು ಅಲ್ಲೇ. ಹೂಳು ಕೆಳಗಿನ ಕೆರೆಗೆ ಹೋಗದೆ ತಂಗುವುದೂ ಅಲ್ಲೇ. ಸುತ್ತಲಿನ ಬಾವಿಗೆ ನೀರು ಇಂಗುವುದು, ಮೀನು ಮರಿ ಮಾಡುವುದು, ದನ ಮೇಯುವುದು ಎಲ್ಲ ಅಲ್ಲೇ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳಿವೆಯ ಕಾಂಡ್ಲ ಗಿಡ ಏನು ಕೆಲಸ ಮಾಡುತ್ತದೆಂದು ಗೊತ್ತು. ತೋಡು ಕಿರಿದಾಗಿ, ಬೈಲು ಗದ್ದೆಗೆ ಮಣ್ಣು ತುಂಬಿದರೆ ಏನಾಗುತ್ತದೆಂದು 2018ರ ಮೇ 29ರಂದು ಮಂಗಳೂರೇ ಮುಳುಗಿದಾಗ ಕಂಡಿದ್ದೇವೆ.

ಹೂಳೆತ್ತಿದರೆ ನೆರೆ ನಿಂತೇಬಿಡುತ್ತದೆ ಅನ್ನೋದೂ ಪೂರ್ತಿ ನಿಜವಲ್ಲ. ಕೆರೆ ಆಗಲೇ ತುಂಬಿದ್ದರೆ ಅದು ಎಷ್ಟು ಆಳ ಇದ್ದರೇನು? ಹೊಸ ಮಳೆ ನೀರು ನೇರ ಕೋಡಿಗೇ ಹೋಗುತ್ತದೆ. ಹೆಬ್ಬೂರು-ಗೂಳೂರು ಏತ ನೀರಾವರಿ ಯೋಜನೆಯಲ್ಲಿ ಹೇಮಾವತಿ ನೀರು ತಂದು ಕೆರೆ ತುಂಬಿಸುವ ಸೀಮೆ ಇದು. ಆ ನೀರು ಬೇಕೇ ಬೇಕು, ಆದರೆ ಮಳೆಗೆ ಎಷ್ಟು ಜಾಗ ಬಿಡಬೇಕೆಂಬ ಲೆಕ್ಕವೂ ಬೇಕು. ಹಳ್ಳವನ್ನು ನೇರವಾಗಿ, ಆಳವಾಗಿ ತೋಡಿದರೆ ನಮ್ಮ ಬೀದಿಯ ನೀರು ಬೇಗ ಇಳಿದೀತು, ಅಷ್ಟೇ ಬೇಗ ಕೆಳಗಿನ ಊರಿಗೆ ನುಗ್ಗೀತು. ಪಕ್ಕದ ಬಾವಿಗಳ ನೀರೂ ಹಳ್ಳಕ್ಕೆ ಬಸಿದು ಇಳಿಯಬಹುದು. ಹೂಳಿನ ಜೊತೆ ತಳದ ಜೇಡಿ ಪದರವನ್ನೂ ಕಿತ್ತರೆ ಕೆರೆಯಲ್ಲಿ ನೀರೇ ನಿಲ್ಲದೆ ಹೋದೀತು. ಎಷ್ಟೋ ಕಡೆ ನೆರೆಗೆ ಕಾರಣ ಹೂಳೇ ಅಲ್ಲ, ರಸ್ತೆಯ ಕೆಳಗಿನ ಒಂದು ಸಣ್ಣ ಮೋರಿ.

ಇದನ್ನೆಲ್ಲ ಮೊದಲೇ ನೋಡಿ ಅಂತ ಕಾನೂನು ಹೇಳುವುದಿಲ್ಲವೇ? ಜೌಗು ಪ್ರದೇಶಗಳ 2017ರ ನಿಯಮಗಳು ನದಿಪಾತ್ರವನ್ನೂ ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನೂ ಹೊರಗೆ ಇಟ್ಟಿವೆ. ಪರಿಸರ ಅನುಮತಿಯ 2006ರ ಅಧಿಸೂಚನೆಗೆ 2016ರಲ್ಲಿ ಸೇರಿದ ಅನುಬಂಧ, ನದಿ, ಕಾಲುವೆ, ಜಲಾಶಯಗಳ ನಿರ್ವಹಣೆಗಾಗಿ ಅಥವಾ ವಿಪತ್ತು ತಡೆಯಲು ಹೂಳೆತ್ತುವುದಾದರೆ ಅನುಮತಿ ಬೇಡ ಎನ್ನುತ್ತದೆ. ಹೀಗಾಗಿ ಯಂತ್ರ ಇಳಿಯುವ ಮೊದಲು ಪರೀಕ್ಷೆ ಆಗಬೇಕಾದರೆ ಊರವರೇ ಕೇಳಬೇಕು.

ಕೇಳಲು ಬಾಗಿಲು ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಪುಸ್ತಕ ಇರಬೇಕು. ಗ್ರಾಮಸಭೆಗೆ ಹೋಗಿ ಕೇಳಿ: ಆ ಪುಸ್ತಕದಲ್ಲಿ ನಮ್ಮ ಹಳ್ಳ ಇದೆಯಾ? ಎಷ್ಟು ಆಳ ತೆಗೆಯುತ್ತೀರಿ, ಮಣ್ಣು ಎಲ್ಲಿ ಹಾಕುತ್ತೀರಿ, ಯಾವ ಜೊಂಡು ಬಿಡುತ್ತೀರಿ? ಎತ್ತಿದ ಗೋಡು ರೈತರ ಹೊಲಕ್ಕೆ ಹೋಗಲಿ, ಹಳ್ಳದ ದಡಕ್ಕೇ ಸುರಿದರೆ ಮುಂದಿನ ಮಳೆಗೆ ಅದು ವಾಪಸು ಬರುತ್ತದೆ.

ನಾವು ಮಾಡಬಹುದಾದ ಕೆಲಸವೂ ಇದೆ. ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ಜಮಾಅತಿನ ಹತ್ತು ಜನ, ಊರಿನ ಹಿರಿಯ ರೈತರನ್ನೂ ನೀರುಗಂಟಿಯನ್ನೂ ಕರೆದುಕೊಂಡು ಕೋಡಿಯಿಂದ ಮುಂದಿನ ಕೆರೆಯವರೆಗೆ ನಡೆಯಲಿ. ಬೇಸಿಗೆಯಲ್ಲಿ ಒಮ್ಮೆ, ಮಳೆ ಬಂದ ಮೇಲೆ ಒಮ್ಮೆ. ನೀರು ಎಲ್ಲಿವರೆಗೆ ಬಂತೆಂದು ಗೋಡೆಗೆ ಸುಣ್ಣದ ಗೆರೆ ಎಳೆಯಲಿ. ಮೋರಿಗಳ ಅಗಲ ಬರೆದುಕೊಳ್ಳಲಿ. ನಮ್ಮ ಮದ್ರಸದ ದೊಡ್ಡ ಮಕ್ಕಳು ಹಿರಿಯರ ಜೊತೆ ನಿಂತು, ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ನೀರಿನ ಮಟ್ಟ ತಿಂಗಳಿಗೊಮ್ಮೆ ಬರೆದಿಡಲಿ. ಎಂಜಿನಿಯರು ಬಂದಾಗ ಕೊಡಲು ಕೈಯಲ್ಲಿ ಒಂದು ನೋಟ್ ಪುಸ್ತಕ ಇದ್ದರೆ ಮಾತಿಗೆ ತೂಕ ಬರುತ್ತದೆ.

ಕೊನೆಯದು ಕಷ್ಟದ ಮಾತು. ಗ್ರಾಮ ನಕ್ಷೆ ತರಿಸಿ ಹಳ್ಳ ಅಳೆದರೆ ಅದರ ಗೆರೆ ನಮ್ಮವರದೇ ಕಾಂಪೌಂಡಿನ ಒಳಗೆ ಹಾದು ಹೋಗಬಹುದು. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳ್ಳದ ಬದಿ ಸೈಟು ಕೊಂಡವರಲ್ಲಿ ನಾವೂ ಇದ್ದೇವೆ. ಆಗ ಏನು ಮಾಡುತ್ತೇವೆ? ಪಕ್ಕದವರ ಒತ್ತುವರಿ ತೋರಿಸಿ ಜಾರಿಕೊಂಡರೆ ಮೇಲೆ ಹೇಳಿದ್ದೆಲ್ಲ ಬಾಯಿಮಾತು. ನೀರಿನ ಜಾಗ ನೀರಿಗೆ ಬಿಡಿ ಎಂದು ಊರಿಗೆ ಹೇಳುವ ಮೊದಲು ನಮ್ಮ ಗೋಡೆ ಒಂದು ಮಾರು ಹಿಂದೆ ಸರಿಯಲಿ. ಆಮೇಲೆ ಗ್ರಾಮಸಭೆಯಲ್ಲಿ ನಮ್ಮನ್ನು ಹೊರಗಿನವರು ಎನ್ನಲು ಯಾರಿಗೂ ಬಾಯಿ ಬರಲಿಕ್ಕಿಲ್ಲ.