ಹನಿ ನಿಂತ ಮಾತ್ರಕ್ಕೆ ರಿಪೇರಿ ಮುಗಿಯಲಿಲ್ಲ

ಬೈಕಿನ ಟ್ಯಾಂಕಿನಡಿ ಪೆಟ್ರೋಲ್ ಹನಿಯತೊಡಗಿದರೆ ನಮ್ಮ ಊರುಗಳಲ್ಲಿ ಮದ್ದಿಗೆ ಬರವಿಲ್ಲ. ದಾರಿಯಲ್ಲಿದ್ದರೆ ಸ್ನಾನದ ಸೋಪು ಉಜ್ಜುತ್ತಾರೆ. ಮನೆಯಲ್ಲಿದ್ದರೆ ನಲ್ಲಿ ಪೈಪಿಗೆಂದು ತಂದಿಟ್ಟ ಎಂ-ಸೀಲ್ ಕಲಸುತ್ತಾರೆ. ಗ್ಯಾರೇಜಿಗೆ ಹೋದರೆ ಎಂಜಿನ್ ಕವರಿಗೆ ಹಚ್ಚುವ ಸಿಲಿಕೋನ್ ಗಮ್ಮಿನ ಟ್ಯೂಬು ಕೈಗೆ ಸಿಗುವಂತೆಯೇ ಇರುತ್ತದೆ. ಪೈಪು ಬಿರುಕು ಬಿಟ್ಟಿದ್ದರೆ ಪಕ್ಕದ ಅಂಗಡಿಯ ರೋಲಿನಿಂದ ಒಂದಡಿ ಪ್ಲಾಸ್ಟಿಕ್ ಪೈಪು ಕತ್ತರಿಸಿ ಸಿಕ್ಕಿಸಿದರಾಯಿತು. ಈ ಎಲ್ಲ ಮದ್ದುಗಳಿಗೂ ನಾವು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ಹನಿ ನಿಂತಿತೇ? ನಿಂತರೆ ದುಡ್ಡು ಕೊಟ್ಟು ಹೊರಡುತ್ತೇವೆ. ಪೆಟ್ರೋಲಿನ ವಿಷಯದಲ್ಲಿ ಈ ಪರೀಕ್ಷೆಯೇ ತಪ್ಪು ಎಂಬುದು ನನ್ನ ವಾದ. ಹಚ್ಚಿದ ವಸ್ತು ಇಂದು ಸೋರಿಕೆಯನ್ನು ತಡೆಯಿತು ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಆರು ತಿಂಗಳು ಪೆಟ್ರೋಲಿನಲ್ಲಿ ನೆನೆದು, ಎಂಜಿನ್ನಿನ ಶಾಖಕ್ಕೆ ಕಾದು, ರಸ್ತೆಯ ಗುಂಡಿಗಳಲ್ಲಿ ಕುಲುಕಿದ ಮೇಲೂ ಅದು ತಾನಾಗಿ ಉಳಿದಿರುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

ಇಷ್ಟು ಕಟ್ಟುನಿಟ್ಟು ಯಾಕೆ ಬೇಕು ಎಂಬುದಕ್ಕೆ ಉತ್ತರ ಪೆಟ್ರೋಲಿನ ಗುಣದಲ್ಲೇ ಇದೆ. ಅದು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡಬಲ್ಲ ದ್ರವ. ನಮ್ಮ ಹವೆಯಲ್ಲಿ ಅದು ಆವಿಯಾಗದ ಹೊತ್ತೇ ಇಲ್ಲ. ಗಾಳಿಯಲ್ಲಿ ಆ ಆವಿಯ ಪಾಲು ಶೇಕಡ ಒಂದೂವರೆಯಷ್ಟಾದರೂ ಸಾಕು, ಕಿಡಿ ಸೋಕಿದರೆ ಬೆಂಕಿ. ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇರಿ ಚದುರುವುದಿಲ್ಲ, ನೆಲಕ್ಕಿಳಿದು ನಿಲ್ಲುತ್ತದೆ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ರಾತ್ರಿ ಬೈಕು ನಿಲ್ಲಿಸುವ ಮನೆಯ ಮುಚ್ಚಿದ ಪಡಸಾಲೆಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಬೈಕಿನ ರಚನೆಯೂ ಇಲ್ಲಿ ನಮ್ಮ ಪರವಾಗಿಲ್ಲ. ಟ್ಯಾಂಕು ಮೇಲೆ, ಅದರ ಕೆಳಗೇ ಸ್ಪಾರ್ಕ್ ಪ್ಲಗ್ಗು, ವಯರಿಂಗು, ಕಾದ ಸೈಲೆನ್ಸರ್. ಟ್ಯಾಂಕಿನ ಹಿಂದೆಯೇ, ಎರಡು ಕಾಲುಗಳ ನಡುವೆ ಇಂಧನವಿಟ್ಟುಕೊಂಡು ಸವಾರ ಕೂತಿರುತ್ತಾನೆ. ನೀರಿನ ಪೈಪಿಗೆ ಹಾಕಿದ ತೇಪೆ ಕೈಕೊಟ್ಟರೆ ನೆಲ ಒದ್ದೆಯಾಗುತ್ತದೆ ಅಷ್ಟೆ. ಇಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ.

ಮೆತ್ತುವ ಮದ್ದುಗಳು ಸೋಲುವುದು ಅವು ಕಳಪೆ ಎಂಬ ಕಾರಣಕ್ಕಲ್ಲ, ತಪ್ಪು ಜಾಗದಲ್ಲಿ ಇರುವ ಕಾರಣಕ್ಕೆ. ಸಿಲಿಕೋನ್ ಗಮ್ಮು ಎಂಜಿನ್ ಆಯಿಲ್ ಇರುವ ಕಡೆ ವರ್ಷಗಟ್ಟಲೆ ನಿಯತ್ತಾಗಿ ದುಡಿಯುತ್ತದೆ. ಅದೇ ಗಮ್ಮು ಪೆಟ್ರೋಲನ್ನು ಹೀರಿ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಹಿಡಿತ ಬಿಡುತ್ತದೆ. ಸೋರಿಕೆ ಮರಳಿ ಬರುವುದು ಒಂದು ಕಷ್ಟವಾದರೆ, ಒಳಬದಿಗೆ ಉಬ್ಬಿದ ಚೂರುಗಳು ಕಳಚಿ ಪೆಟ್ರೋಲಿನ ಜೊತೆ ಹೋಗಿ ಕಾರ್ಬೊರೇಟರಿನ ಜೆಟ್ಟಿನಲ್ಲೋ ನೀಡಲ್ ವಾಲ್ವಿನಲ್ಲೋ ಸಿಕ್ಕಿಕೊಳ್ಳುವುದು ಇನ್ನೊಂದು. ನೀಡಲ್ ಕೂರದಿದ್ದರೆ ಕಾರ್ಬೊರೇಟರ್ ಉಕ್ಕಿ ಹರಿಯುತ್ತದೆ. ಒಂದು ಸೋರಿಕೆಗೆ ಹಚ್ಚಿದ ಮದ್ದು ಮತ್ತೊಂದನ್ನು ಹುಟ್ಟಿಸುತ್ತದೆ. ಪಾರದರ್ಶಕ ಪಿವಿಸಿ ಪೈಪಿನ ಕತೆಯೂ ಹೀಗೆಯೇ. ಅದನ್ನು ಮೆತ್ತಗಿಡಲೆಂದು ಬೆರೆಸಿದ ರಾಸಾಯನಿಕವನ್ನು ಪೆಟ್ರೋಲ್ ಎಳೆದುಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಪೈಪು ಹಳದಿಯಾಗಿ, ಕಡ್ಡಿಯಂತೆ ಗಡುಸಾಗಿ, ಕ್ಲಿಪ್ಪಿನ ಬುಡದಲ್ಲೇ ಸೀಳುತ್ತದೆ. ಎಂ-ಸೀಲಿನಂಥ ಎಪಾಕ್ಸಿ ಗಟ್ಟಿಯಾದ ಮೇಲೆ ಪೆಟ್ರೋಲನ್ನು ಒಂದಷ್ಟು ಕಾಲ ತಾಳಬಹುದು. ಆದರೆ ತುಕ್ಕು, ಬಣ್ಣ ಮತ್ತು ಒಸರುತ್ತಿರುವ ಪೆಟ್ರೋಲಿನ ಮೇಲೆ ಮೆತ್ತಿದ್ದಕ್ಕೆ ತಗಡಿನ ಹಿಡಿತವೇ ಸಿಗುವುದಿಲ್ಲ. ಒಳಗಿನ ತುಕ್ಕು ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ಟೆಫ್ಲಾನ್ ಟೇಪನ್ನು ಪೆಟ್ರೋಲ್ ಏನೂ ಮಾಡಲಾರದು, ನಿಜ. ಆದರೆ ಪೆಟ್ರೋಲ್ ಕಾಕಿನಂಥ ಕಡೆ ಸೋರಿಕೆ ತಡೆಯುವುದು ವಾಷರೇ ಹೊರತು ಮರೆಯ (ಥ್ರೆಡ್ಡಿನ) ಸುತ್ತುಗಳಲ್ಲ. ಅಲ್ಲಿ ಸುತ್ತಿದ ಟೇಪು ಹೆಚ್ಚೆಂದರೆ ಎಳೆ ಬಿಟ್ಟು ಜೆಟ್ಟಿಗೆ ಅಡ್ಡ ಕೂರುತ್ತದೆ.

ಪೆಟ್ರೋಲನ್ನು ತಾಳುವ ವಸ್ತುವೇ ಬೇಕು ಎಂಬ ಮಾತು ಮೊದಲೂ ನಿಜವಾಗಿತ್ತು. ಈಗ ಹೆಚ್ಚು ನಿಜವಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಶೇಕಡ 20 ಇಥನಾಲ್ ಬೆರೆತ ಪೆಟ್ರೋಲ್ (ಇ20) ಮಾರಾಟಕ್ಕೆ ಚಾಲನೆ ಸಿಕ್ಕಿತು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಮುಂಚಿತಗೊಳಿಸಿ, 2025ರ ಹೊತ್ತಿಗೆ ಅದೇ ದೇಶದ ಸಾಮಾನ್ಯ ಪೆಟ್ರೋಲ್ ಆಯಿತು. ಇಥನಾಲ್ ನೀರನ್ನು ಸೆಳೆಯುತ್ತದೆ, ಟ್ಯಾಂಕಿನ ತಳದ ತುಕ್ಕಿಗೆ ದಾರಿ ಮಾಡುತ್ತದೆ. ಬರೀ ಪೆಟ್ರೋಲನ್ನು ತಾಳುತ್ತಿದ್ದ ಕೆಲವು ರಬ್ಬರುಗಳು ಈ ಮಿಶ್ರಣದಲ್ಲಿ ಹೆಚ್ಚು ಊದುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಇದು ಇಥನಾಲ್ ವಿರೋಧಿಗಳ ಕೂಗು ಎಂದು ತಳ್ಳಿಹಾಕುವಂತಿಲ್ಲ. ಮೈಲೇಜಿನ ಆತಂಕಕ್ಕೆ ಉತ್ತರವಾಗಿ 2025ರ ಆಗಸ್ಟಿನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ವಿವರಣೆಯಲ್ಲೇ ಆ ಮಾತಿದೆ: ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರಿನಷ್ಟು ಬಳಕೆಯ ನಂತರ ಕೆಲವು ರಬ್ಬರ್ ಭಾಗಗಳನ್ನು, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು, ಅದು ದುಬಾರಿಯಲ್ಲ, ಮಾಮೂಲಿ ಸರ್ವೀಸಿನಲ್ಲೇ ಆಗುವ ಕೆಲಸ. ಸರಿ, ಬದಲಿಸೋಣ. ಆದರೆ ಯಾವ ರಬ್ಬರಿನಿಂದ? ಹೊಸ ವಾಷರು ಹಳೆಯದರ ಜಾತಿಯದ್ದೇ ಆಗಿದ್ದರೆ ಬದಲಿಸಿಯೂ ಬದಲಿಸಿದಂತಾಗಲಿಲ್ಲ. ಸಚಿವಾಲಯದ ವಿವರಣೆ ನಿಂತ ಜಾಗದಿಂದಲೇ ಗ್ರಾಹಕನ ಕಷ್ಟ ಶುರುವಾಗುತ್ತದೆ.

ಏಕೆಂದರೆ ಕಣ್ಣಿಗೆ ಎಲ್ಲ ರಬ್ಬರೂ ಕಪ್ಪೇ. ನೈಟ್ರೈಲ್ ರಬ್ಬರಿನ ಓ-ರಿಂಗು, ವೈಟಾನ್ ಎಂದು ಅಂಗಡಿಯವರು ಕರೆಯುವ ಫ್ಲೋರೋ ರಬ್ಬರಿನ ಓ-ರಿಂಗು, ಇಪಿಡಿಎಂ ಎಂಬ ಇನ್ನೊಂದು ರಬ್ಬರಿನದು, ಮೂರನ್ನೂ ಅಂಗೈಯಲ್ಲಿಟ್ಟರೆ ಅನುಭವಿಯೂ ತಡವರಿಸುತ್ತಾನೆ. ಆದರೆ ಮೂರನೆಯದು ಬ್ರೇಕ್ ಆಯಿಲಿಗೂ ರೇಡಿಯೇಟರ್ ನೀರಿಗೂ ಹೇಳಿಮಾಡಿಸಿದ್ದು, ಪೆಟ್ರೋಲಿನಲ್ಲಿ ಬೇಗನೆ ಊದಿ ಕೆಡುತ್ತದೆ. ಒಳ್ಳೆಯ ದರ್ಜೆಯ ನೈಟ್ರೈಲ್ ಪೆಟ್ರೋಲಿಗೆ ಸಲ್ಲುತ್ತದೆ. ಇಥನಾಲ್ ಬೆರೆತ ಪೆಟ್ರೋಲಿಗೆ ವೈಟಾನ್ ಹೆಚ್ಚು ಗಟ್ಟಿಗ. ಆದ್ದರಿಂದ ಭಾಗ ಆರಿಸುವಾಗ ಕಣ್ಣನ್ನು ನಂಬದೆ ಬರಹವನ್ನು ನಂಬಬೇಕು. ಕಂಪನಿಯ ಭಾಗವಾದರೆ ಪೊಟ್ಟಣದ ಮೇಲಿನ ಪಾರ್ಟ್ ನಂಬರು, ಪೈಪಾದರೆ ಅದರ ಮೈಮೇಲೆ ಅಚ್ಚಾದ ದರ್ಜೆ. ಕಾರ್ಬೊರೇಟರ್ ಬೈಕಿಗೆ ಎಸ್‌ಎಇ ಜೆ30 ಆರ್7 ಎಂಬ ದರ್ಜೆಯ ಪೈಪು ಕಡಿಮೆ ಒತ್ತಡಕ್ಕೆಂದೇ ಮಾಡಿದ್ದು. ಮೈಮೇಲೆ ಏನೂ ಬರೆಯದ ಪೈಪು ಗಾಳಿಗೋ ನೀರಿಗೋ ಆದೀತು, ಪೆಟ್ರೋಲಿಗೆ ಬೇಡ. ಪೈಪಿನ ಜೊತೆ ಕ್ಲಿಪ್ಪೂ ಹೊಸದಾಗಲಿ. ತಂತಿ ಸುತ್ತಿ ಬಿಗಿಯುವುದು ಪೈಪನ್ನು ಕೊಯ್ಯುವ ದಾರಿ. ಒಮ್ಮೆ ಬಿಗಿದು ಚಪ್ಪಟೆಯಾದ ಫೈಬರ್ ವಾಷರು, ತಾಮ್ರದ ವಾಷರುಗಳನ್ನು ಮತ್ತೆ ಹಾಕಬಾರದು. ಇನ್ನು ಗಮ್ಮಿನ ಪಾಲಿಗೆ ಉಳಿಯುವ ಜಾಗ ಬಹಳ ಚಿಕ್ಕದು. ವಾಷರಾಗಲಿ ಓ-ರಿಂಗಾಗಲಿ ಇಲ್ಲದೆ ಮರೆಯಿಂದಲೇ ಬಿಗಿ ಬರಬೇಕಾದ ಅಪರೂಪದ ಜೋಡಣೆಗೆ, ಪೆಟ್ರೋಲ್ ತಾಳುತ್ತದೆ ಎಂದು ತಯಾರಕರೇ ಬರೆದುಕೊಟ್ಟ ಥ್ರೆಡ್ ಸೀಲೆಂಟ್, ಅದೂ ತೆಳ್ಳಗೆ. ಓ-ರಿಂಗ್ ಇರುವ ಕಡೆ ಗಮ್ಮು ಬೇಕೆನಿಸಿದರೆ ಓ-ರಿಂಗ್ ಸತ್ತಿದೆ ಎಂದೇ ಅರ್ಥ.

ಇಂಜೆಕ್ಷನ್ ಬೈಕುಗಳಲ್ಲಿ ಈ ಚಿಕ್ಕ ವಿನಾಯಿತಿಯೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳು ಬಹುತೇಕ ಕಾರ್ಬೊರೇಟರ್ ಬಿಟ್ಟು ಇಂಜೆಕ್ಷನ್ನಿಗೆ ತಿರುಗಿವೆ. ಹಳೆಯ ಬೈಕಿನಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ ಕೆಳಗಿಳಿಯುತ್ತಿತ್ತು, ಪೈಪಿನೊಳಗೆ ಹೇಳಿಕೊಳ್ಳುವಂಥ ಒತ್ತಡವಿರಲಿಲ್ಲ. ಇಂಜೆಕ್ಷನ್ ಬೈಕಿನ ಪಂಪು ಸಾಮಾನ್ಯವಾಗಿ ಮೂರು ಬಾರ್ ಆಸುಪಾಸಿನ ಒತ್ತಡದಲ್ಲಿ ಪೆಟ್ರೋಲನ್ನು ನೂಕುತ್ತದೆ. ಕಾರಿನ ಟೈರಿಗೆ ಹಾಕಿಸುವ ಗಾಳಿಯ ಒತ್ತಡಕ್ಕಿಂತ ಇದು ಹೆಚ್ಚು. ಕೀ ತೆಗೆದ ಮೇಲೂ ಆ ಒತ್ತಡ ಪೈಪಿನಲ್ಲಿ ಉಳಿದಿರಬಹುದು. ಇಲ್ಲಿ ಸಣ್ಣ ಸೀಳಿನಿಂದ ಹೊರಬರುವುದು ಹನಿಯಲ್ಲ, ಹೊತ್ತಿಕೊಳ್ಳಲು ಅನುವಾದ ತುಂತುರು. ಕಾರ್ಬೊರೇಟರ್ ಕಾಲದ ಕೈಚಳಕವನ್ನು, ಅಂದರೆ ಪೈಪು ಕತ್ತರಿಸಿ ನಡುವೆ ತುಂಡು ಸೇರಿಸುವುದನ್ನು, ಮುರಿದ ಲಾಕಿಗೆ ಗಮ್ಮು ಸುರಿಯುವುದನ್ನು ಇಲ್ಲಿಗೆ ತಂದರೆ ಅನಾಹುತವನ್ನು ಕರೆದಂತೆ. ಆಯಾ ಮಾಡೆಲ್ಲಿನ ಪೈಪು, ಅದರದೇ ಲಾಕು, ಅದರದೇ ಸೀಲು. ಬೇರೆ ದಾರಿಯಿಲ್ಲ.

ಈ ವಾದಕ್ಕೆ ಆಕ್ಷೇಪಗಳೂ ಇವೆ. ಮೊದಲನೆಯದು ದುಡ್ಡಿನದು. ದಿನಗೂಲಿಗೆ ಬೈಕು ಓಡಿಸುವವನಿಗೆ, ಡೆಲಿವರಿ ಹುಡುಗನಿಗೆ ಈ ಉಪದೇಶ ದುಬಾರಿ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಕಾರ್ಬೊರೇಟರ್ ಬೈಕಿನ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ದರ್ಜೆಯ ಪೈಪು, ಕ್ಲಿಪ್ಪು, ವಾಷರು ಎಲ್ಲ ಸೇರಿದರೂ ಒಂದು ಟ್ಯಾಂಕು ಪೆಟ್ರೋಲಿನ ಬೆಲೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಇಂಜೆಕ್ಷನ್ ಬೈಕಿನಲ್ಲಿ ಆಕ್ಷೇಪಕ್ಕೆ ತೂಕವಿದೆ. ಒಂದು ಸೀಲು ಹೋದರೆ ಇಡೀ ಪಂಪಿನ ಸೆಟ್ಟನ್ನೇ ಕೊಳ್ಳಬೇಕಾದ ಪರಿಸ್ಥಿತಿ ಬಂದಾಗ ಬಡವ ಗಮ್ಮಿನ ಕಡೆ ನೋಡುವುದು ಸಹಜ. ಆದರೆ ಇದರಿಂದ ಗಮ್ಮು ಸರಿ ಎಂದಾಗುವುದಿಲ್ಲ. ಬಿಡಿ ಸೀಲುಗಳನ್ನು ಬಿಡಿಯಾಗಿಯೇ ಮಾರಿ ಎಂದು ತಯಾರಕರನ್ನು ಕೇಳಬೇಕು ಎಂದಾಗುತ್ತದೆ. ಎರಡನೆಯ ಆಕ್ಷೇಪ ಅನುಭವದ್ದು: ಹತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ, ಏನೂ ಆಗಿಲ್ಲ. ಬೆಂಕಿಗೆ ಸೋರಿಕೆಯೊಂದೇ ಸಾಲದು. ಆವಿ ಸೇರಬೇಕು, ಗಾಳಿ ಆಡದಿರಬೇಕು, ಕಿಡಿ ಬೀಳಬೇಕು. ಮೂರೂ ಒಟ್ಟಿಗೆ ಕೂಡುವುದು ಅಪರೂಪವಾದ್ದರಿಂದ ಹೆಚ್ಚಿನ ತೇಪೆಗಳು ಸದ್ದಿಲ್ಲದೆ ಸೋತು ಮತ್ತೆ ತೇಪೆ ಕಾಣುತ್ತವೆ. ಏನೂ ಆಗದ ದಿನಗಳು ತೇಪೆಯ ಗಟ್ಟಿತನಕ್ಕೆ ಸಾಕ್ಷಿಯಾಗಲಾರವು, ಅವು ಕಿಡಿ ಬೀಳದ ದಿನಗಳಷ್ಟೆ.

ಮೂರನೆಯ ಆಕ್ಷೇಪ ಹಳೆಯ ಬೈಕುಗಳದು, ಅದು ನಮ್ಮ ರಾಜ್ಯಕ್ಕೆ ಹತ್ತಿರದ್ದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ರಸ್ತೆಯಲ್ಲಿವೆ. ಅವುಗಳಿಗೆ ಕಂಪನಿಯ ಭಾಗ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಂಪನಿ ಮುಚ್ಚಿದರೂ ಅಳತೆ ಉಳಿದಿದೆ. ಓ-ರಿಂಗು, ವಾಷರು, ಪೈಪುಗಳಿಗೆ ಬೇಕಾದದ್ದು ಒಳವ್ಯಾಸ, ದಪ್ಪ ಮತ್ತು ರಬ್ಬರಿನ ಜಾತಿ. ಕಾರ್ಖಾನೆಗಳಿಗೆ ಸೀಲು ಮಾರುವ ಅಂಗಡಿಗಳಲ್ಲಿ ಅಳತೆ ಹೇಳಿದರೆ ವೈಟಾನ್ ರಿಂಗು ಸಿಗುತ್ತದೆ. ಹಳೆಯ ಬೈಕಿಗೆ ನಿಜಕ್ಕೂ ಕಷ್ಟ ತರುವುದು ತುಕ್ಕು ಹಿಡಿದು ತೂತಾದ ಟ್ಯಾಂಕು. ಅದನ್ನು ಬೆಸುಗೆ ಹಾಕಿಸಲು ಖಾಲಿ ಮಾಡಿ ಒಯ್ಯುವವರು ಖಾಲಿ ಟ್ಯಾಂಕು ಸುರಕ್ಷಿತ ಎಂದುಕೊಂಡಿರುತ್ತಾರೆ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗವಿಲ್ಲ. ಬರಿದಾದ ಟ್ಯಾಂಕಿನಲ್ಲಿ ಆವಿ, ಗಾಳಿ ಎರಡೂ ಬೆರೆತು ಸಿಡಿಯಲು ಸಿದ್ಧವಾಗಿರುತ್ತವೆ. ಟ್ಯಾಂಕನ್ನು ಚೆನ್ನಾಗಿ ತೊಳೆದು ಆವಿ ಉಳಿಯದಂತೆ ಮಾಡುವುದು ಗೊತ್ತಿರುವವರ ಕೈಗೇ ಈ ಕೆಲಸ ಹೋಗಬೇಕು. ಆಮೇಲೆ ಒಳಗೆ ಹಾಕಿಸುವ ಲೇಪ ಇಥನಾಲ್ ಪೆಟ್ರೋಲನ್ನು ತಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರಬೇಕು.

ಹಾಗಾದರೆ ನಡುದಾರಿಯಲ್ಲಿ, ಗ್ಯಾರೇಜಿಲ್ಲದ ಕಡೆ ಸೋರಿದರೆ? ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಆದ್ದರಿಂದ ಟ್ಯಾಂಕಿನ ಸಣ್ಣ ತೂತನ್ನು ಅದು ಸ್ವಲ್ಪ ಹೊತ್ತು ಮುಚ್ಚಬಲ್ಲದು; ಹಿರಿಯರ ಉಪಾಯದಲ್ಲಿ ಅರ್ಥವಿದೆ. ಎಂಜಿನ್ ನಿಲ್ಲಿಸಿ, ಕಾಕು ಮುಚ್ಚಿ, ಪೆಟ್ರೋಲನ್ನು ಸರಿಯಾದ ಕ್ಯಾನಿಗೆ ಇಳಿಸಿಕೊಳ್ಳುವವರೆಗೆ ಅದು ಸಾಕು. ಮಳೆ ಬಂದರೆ ಸೋಪು ತೊಳೆದು ಹೋಗುತ್ತದೆ ಎಂಬುದೂ ನೆನಪಿರಲಿ. ನಾನು ಎತ್ತುತ್ತಿರುವ ತಕರಾರು ತುರ್ತು ಉಪಾಯದ ಮೇಲಲ್ಲ, ತುರ್ತು ಉಪಾಯವೇ ಖಾಯಂ ರಿಪೇರಿಯಾಗಿ ಬಿಲ್ಲಿಗೆ ಸೇರುವುದರ ಮೇಲೆ. ಈ ತಪ್ಪನ್ನು ಮೆಕ್ಯಾನಿಕ್ಕಿನ ತಲೆಗೆ ಕಟ್ಟುವುದು ಸುಲಭ. ಆದರೆ ಐವತ್ತು ರೂಪಾಯಿ ಹೆಚ್ಚಾದರೆ ಬೇರೆ ಗ್ಯಾರೇಜಿಗೆ ಹೋಗುವ ಗಿರಾಕಿಯೇ ಗಮ್ಮಿನ ಟ್ಯೂಬನ್ನು ಅವನ ಕೈಗೆ ಕೊಟ್ಟಿರುವುದು.

ಸರ್ಕಾರದ ಪಾಲೂ ಇದೆ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ. ತಲೆಗೆ ಸಂದ ಈ ಕಾಳಜಿ ಟ್ಯಾಂಕಿನಡಿಯ ಪೈಪಿಗೂ ಸಲ್ಲಬೇಕು. ಪೆಟ್ರೋಲಿಗೆಂದು ಮಾರುವ ಪ್ರತಿ ಪೈಪಿನ ಮೇಲೆ ಅಡಿಗೊಮ್ಮೆ ದರ್ಜೆ ಅಚ್ಚಾಗಿರಲಿ. ರೋಲಿನಿಂದ ಕತ್ತರಿಸಿದ ತುಂಡಿನಲ್ಲೂ ಅದು ಉಳಿಯುವಂತಿರಲಿ. ಗಮ್ಮಿನ ಟ್ಯೂಬಿನ ಮೇಲೆ ‘ಪೆಟ್ರೋಲ್ ತಾಗುವಲ್ಲಿ ಬಳಸಬೇಡಿ’ ಎಂದು ಕನ್ನಡದಲ್ಲಿ, ಕಾಣುವ ಅಕ್ಷರದಲ್ಲಿ ಬರೆಸುವುದು ಕಷ್ಟದ ಕೆಲಸವಲ್ಲ. ಯಾವ ಮಾಡೆಲ್ಲಿಗೆ ಯಾವ ರಬ್ಬರ್ ಭಾಗ ಇ20ಗೆ ಒಗ್ಗುತ್ತದೆ ಎಂಬ ಪಟ್ಟಿಯನ್ನು ಬೈಕ್ ಕಂಪನಿಗಳು ತಮ್ಮ ಸರ್ವೀಸ್ ಸೆಂಟರಿನೊಳಗೆ ಇಟ್ಟುಕೊಳ್ಳದೆ ಬೀದಿಬದಿಯ ಗ್ಯಾರೇಜಿಗೂ ತಲುಪಿಸಲಿ. ಇಂಧನವನ್ನು ದೇಶಕ್ಕೆಲ್ಲ ಬದಲಿಸಿದವರು ಈ ಪಟ್ಟಿಯನ್ನು ಕೊಡಿಸಲಾರದಷ್ಟು ಬಡವರಲ್ಲ. ಅಲ್ಲಿಯವರೆಗೆ ಕೆಲಸ ಗಿರಾಕಿಯ ಮೇಲೇ ಬೀಳುತ್ತದೆ. ಬೈಕು ಕೈಗೆ ಬಂದಾಗ ಹನಿ ನಿಂತಿತೇ ಎಂದು ಬಗ್ಗಿ ನೋಡಿದರೆ ಸಾಲದು. ಏನು ತೆಗೆದಿರಿ, ಏನು ಹಾಕಿದಿರಿ, ಅದು ಪೆಟ್ರೋಲಿಗೆ ಆಗುತ್ತದೆ ಎಂದು ಎಲ್ಲಿ ಬರೆದಿದೆ ಎಂದು ಕೇಳಬೇಕು. ತೆಗೆದ ಹಳೆಯ ಭಾಗವನ್ನು ತೋರಿಸದ, ಹಾಕಿದ ಹೊಸ ಭಾಗದ ಹೆಸರು ಹೇಳದ ರಿಪೇರಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿದರೆ ಅಂಗಡಿಗಳು ದರ್ಜೆಯ ಪೈಪನ್ನು ತಾವಾಗಿಯೇ ತರಿಸುತ್ತವೆ.